ಗಿರಣಿ ಅತ್ತೆಯ ಕಾಗೆಗಳು

ರೆಪ್ಪೆಗೂದಲ ಮೇಲೂ ಜೋಳದ ಹಿಟ್ಟು ಹೊತ್ತು ತಿರುಗುತ್ತಿದ್ದ ನನ್ನ ಸೋದರತ್ತೆಗೆ ಕಾಗೆಗಳ ಮಾತು ತಿಳಿಯುತ್ತಿತ್ತು ಎಂದು ಹುಮನಾಬಾದಿನ ನಮ್ಮ ಓಣಿ ಇಂದಿಗೂ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಅವಳ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಮನುಷ್ಯರ ಮಾತೇ ಅರ್ಧ ಕೇಳುತ್ತಿರಲಿಲ್ಲ.

ಓಣಿಯವರು ಕೊಡುವ ಸಾಕ್ಷಿ ನನ್ನ ಅಕ್ಕ. ಬಸವಕಲ್ಯಾಣದಲ್ಲಿ ಟೀಚರ್ ಆಗಿದ್ದ ಅವಳು ಯಾವಾಗಲೋ ಒಂದು ರವಿವಾರ ಬರುತ್ತಿದ್ದಳು. ಅವಳು ಓಣಿ ಸೇರುವ ಮೊದಲೇ ಗಿರಣಿಯ ತಗಡಿನ ಮಾಡಿನ ಮೇಲೆ ಕಾಗೆಗಳು ಗದ್ದಲ ಎಬ್ಬಿಸುತ್ತಿದ್ದವು. ಅತ್ತೆ ಗಿರಣಿ ನಿಲ್ಲಿಸಿ, ಚಹಾಕ್ಕಿಟ್ಟು, ಬಾಗಿಲಲ್ಲಿ ನಿಲ್ಲುತ್ತಿದ್ದಳು. ಇಷ್ಟು ನಿಜ. ಆದರೆ ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ಭಜಿ ಕಟ್ಟಿಸಿಕೊಂಡು, ಓಣಿ ಮೂಲೆಯ ಬೇವಿನ ಮರದ ಕೆಳಗೆ ಕಾಗೆಗಳಿಗೆ ಚೂರು ಎಸೆಯುತ್ತಿದ್ದುದನ್ನು ಯಾರೂ ಹೇಳುವುದಿಲ್ಲ. ತಿನ್ನಲು ಕೊಟ್ಟವರ ಮುಖವನ್ನು ಕಾಗೆ ಮರೆಯುವುದಿಲ್ಲ. ಶಕುನವಲ್ಲ, ಹೊಟ್ಟೆಪಾಡು.

ಇದನ್ನು ಹೇಳಿದಾಗ ಅತ್ತೆ ತನ್ನ ಅಜ್ಜನನ್ನು ಎಳೆದು ತಂದಳು. ನಿಜಾಮರ ಕಾಲದಲ್ಲಿ ಅವನು ಟಪಾಲಿನ ಚೀಲ ಹೊತ್ತು ಕಲ್ಯಾಣದಿಂದ ರಾಜೇಶ್ವರದವರೆಗೆ ಓಡಿ, ಅಲ್ಲಿ ಮುಂದಿನವನ ಹೆಗಲಿಗೆ ದಾಟಿಸುತ್ತಿದ್ದನಂತೆ. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು.

"ಗೆಜ್ಜಿ ಕೇಳಿದ್ರ ಮಂದಿ ಕೆಲಸ ಬಿಟ್ಟು ಬಾಗಲಕ್ಕ ಬರ್ತಿದ್ರಂತ. ಕಾಗಿನೂ ಹಂಗೇ."

ಗೆಜ್ಜೆ ಇದ್ದದ್ದು ಕಾಡುಪ್ರಾಣಿ ಬೆದರಲಿ, ಮುಂದಿನ ಓಟದವನು ಎದ್ದು ನಿಲ್ಲಲಿ ಎಂದು. ಬಾಗಿಲ ಮಂದಿಗಾಗಿ ಅಲ್ಲ ಎಂದೆ.

"ಅಂದ್ರ ಅವರು ಬಾಗಲಕ್ಕ ಬಂದಿದ್ದು ಸುಳ್ಳೇನು? ನೀನೇ ಗೆದ್ದಿ ಬಿಡವ್ವ. ಜರಡಿ ಹಿಡಿ."

ನನಗೆ ಉರಿದದ್ದು ಶಕುನಕ್ಕಲ್ಲ. ಅತ್ತೆಯ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದ ನನಗಾಗಿ ಆ ಗಿರಣಿ ಒಮ್ಮೆಯೂ ನಿಂತಿರಲಿಲ್ಲ. ಚರ್ಚಾಸ್ಪರ್ಧೆಯ ಕಪ್ ಹಿಡಿದು ಬಂದ ದಿನವೂ ಗದ್ದದಿಂದಲೇ ಅಡುಗೆಮನೆ ತೋರಿಸಿದ್ದಳು: ರೊಟ್ಟಿ ಮುಚ್ಚಿಟ್ಟೀನಿ, ಉಣ್ಣು ಎಂದು.

ನಾನೂ ಭಜಿ ಕೊಂಡೆ. ದಿನವೂ ಬೇವಿನ ಕೆಳಗೆ ಎಸೆದೆ. ಒಂದು ಸಂಜೆ ಕಾಗೆಗಳು ಕಿರುಚುತ್ತ ನನ್ನ ಮುಂದೆ ಮುಂದೆ ಹಾರಿ ತಗಡಿನ ಮೇಲೆ ಇಳಿದವು. ಗಿರಣಿ ನಿಂತಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, ನನ್ನ ಹೆಗಲ ಮೇಲಿಂದ ರಸ್ತೆ ನೋಡಿದಳು.

"ಅಕ್ಕ ಎಲ್ಲಿ?"

"ಅಕ್ಕ ಬಂದಿಲ್ಲ. ನಾ ಬಂದೀನಿ."

"ನಿನಗ್ಯಾಕ ಕಾಗಿ ಒದರಬೇಕು? ನೀ ಮನ್ಯಾಗಿನಾಕಿ." ಒಳಗೆ ಹೋದಳು. ಗಿರಣಿಯ ಪಟ್ಟಾ ಮತ್ತೆ ತಿರುಗಿತು.

ಮನೆಯವಳು ಎನ್ನುವುದಕ್ಕಿಂತ ದೊಡ್ಡ ಮಾತು ಬೇಕೇ ಎನ್ನುತ್ತಾರೆ ಕೇಳಿದವರು. ಬೇಕು. ನನ್ನ ಊಟ, ಓದು, ಈ ನಾಲಿಗೆಯ ಹರಿತ, ಎಲ್ಲವೂ ಆ ಗಿರಣಿಯದೇ, ಅದರಲ್ಲಿ ತಕರಾರಿಲ್ಲ. ಆದರೂ ಬೇಕು.

ಹೋದ ವರ್ಷ ಅತ್ತೆ ತೀರಿಕೊಂಡಳು. ಗಿರಣಿಗೆ ಕೀಲಿ ಹಾಕುವಾಗ ಅಕ್ಕ ಅಳುತ್ತ ಅಂದಳು: "ನನಗ ಸಿಕ್ಕಿದ್ದು ಬರೇ ಚಾ. ದಿನಾ ಆಕಿ ಜೋಡಿ ಇದ್ದಾಕಿ ನೀ. ನಿನ್ನ ನೋಡಿದ್ರ ಹೊಟ್ಟಿ ಉರೀತದ."

ಸ್ಪರ್ಧೆಗೆಂದು ನಾನು ಊರೂರು ಅಲೆದ ಕೆಲವು ರವಿವಾರ ಅಕ್ಕ ಅತ್ತೆಯ ಬಳಿ ಕೂತಿದ್ದಳು. ಅವಳನ್ನಲ್ಲದೆ ಇನ್ನಾರನ್ನು ಕೇಳಲಿ?

"ಹಂಗಾದ್ರ ನೀನೇ ಹೇಳಕ್ಕ. ನಾ ಬರೋ ಹೊತ್ತಾದಾಗ, ಅತ್ತಿ ಒಮ್ಮ್ಯಾರ ಬಾಗಲ ಕಡೆ ನೋಡಿದ್ಳೇನು?"