ಕೆಳಗಿಟ್ಟ ದೀಪ

ಮಿಲೆನಾ ಅವರ ಕಾದಂಬರಿಯ ಕೊನೆಯ ವಾಕ್ಯವನ್ನು ಕನ್ನಡದಲ್ಲಿ ಕೆಡಿಸಿದವಳು ನಾನು. ಅಚ್ಚಿನ ತಪ್ಪಲ್ಲ — ಬುದ್ಧಿವಂತಿಕೆ ತೋರಿಸಲು ಹೋಗಿ ನಾನೇ ಮಾಡಿದ್ದು. ಅದನ್ನು ಓದಿ ಮೆಚ್ಚಿದ ನಿಮಗೂ ಇದು ತಿಳಿದಿರಲಿ.

ಮಿಲೆನಾ ಸರ್ಬಿಯಾದವರು. ಪತ್ರಕರ್ತೆಯಾಗಿ ನೈರೋಬಿಗೆ ಬಂದು, ಅಲ್ಲಿನ ಲೊರೆಶೋ ಬಡಾವಣೆಯಲ್ಲೇ ನೆಲೆನಿಂತು ಕಾದಂಬರಿ ಬರೆದವರು. ಹಿರಿಯ ಹೆಂಗಸರನ್ನು ಈ ಊರಲ್ಲಿ 'ಮಾಮಾ' ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ನಮ್ಮಲ್ಲಿ ಮಾಮ ಅಂದರೆ ಗಂಡಸು ಎಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಆ ಕಾದಂಬರಿಯಲ್ಲಿ, ಯುದ್ಧದಲ್ಲಿ ಕಾಣೆಯಾದ ತಮ್ಮನಿಗಾಗಿ ಅಕ್ಕ ಕಾಯುತ್ತಾಳೆ. ಕೊನೆಗೆ ಚರ್ಚಿನಲ್ಲಿ ಅವನ ಹೆಸರಿನ ಮೇಣದಬತ್ತಿಯನ್ನು ಮೇಲಿನ ಸಾಲಿನಲ್ಲಿಡುತ್ತಾಳೆ. ಇಂಗ್ಲಿಷಿನಿಂದ ಅನುವಾದಿಸುತ್ತಿದ್ದ ನನಗೆ ಅದು ಒಗ್ಗಲಿಲ್ಲ. ದೀಪ ಇಡುವುದು ದೇವರ ಪಾದದ ಬಳಿ ಅಲ್ಲವೇ? 'ತಮ್ಮನ ದೀಪವನ್ನು ಕೆಳಗಿಟ್ಟಳು' ಎಂದು ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವರನ್ನು ಒಂದು ಮಾತು ಕೇಳಲಿಲ್ಲ.

ಪುಸ್ತಕ ಬಂದ ಮೇಲೆ ಮಿಲೆನಾ ಆ ವಾಕ್ಯವನ್ನು ನನ್ನಿಂದ ಓದಿಸಿಕೊಂಡು ಬಾಯಿಪಾಠ ಮಾಡಿದರು. ಒಂದು ಭಾನುವಾರ ನನ್ನನ್ನು ಚರ್ಚಿಗೆ ಕರೆದೊಯ್ದರು. ಅಲ್ಲಿ ಮೇಣದಬತ್ತಿಗೆ ಎರಡು ಸಾಲು.

"ಮೇಲಿನದು ಬದುಕಿರೋರಿಗೆ, ಕೆಳಗಿನದು ಸತ್ತೋರಿಗೆ" ಎಂದರು.

ಕಾಣೆಯಾದವನು ಅವರ ಸ್ವಂತ ತಮ್ಮ. ಬತ್ತಿಯನ್ನು ಮೇಲಿನ ಸಾಲಿನಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ, ಮಂತ್ರದಂತೆ ನನ್ನ ಕನ್ನಡವನ್ನು ತೊದಲಿದರು — "ತಮ್ಮನ ದೀಪವನ್ನು ಕೆಳಗಿಟ್ಟಳು."

ಆಗಲೇ ಹೇಳಬೇಕಿತ್ತು — ಅಲ್ಲೇ —

"ಉಚ್ಚಾರಣೆ ಸರಿಯಾಗಿತ್ತಾ?" ಎಂದು ಕೇಳಿದರು.

ಸರಿಯಾಗಿತ್ತು ಎಂದೆ.

ಮನೆಗೆ ಬಂದು ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. "ಬುಕ್ ಪ್ರಿಂಟ್ ಆಗೋಯ್ತಲ್ಲ, ಬಿಡೇ. ಅವ್ರಿಗೇನು ಕನ್ನಡ ಬರುತ್ತಾ?" ಎಂದರು ನನ್ನ ಯಜಮಾನರು. ನನಗೂ ಅದೇ ಬೇಕಿತ್ತು. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ವರ್ಷಗಟ್ಟಲೆ ಅವರು, ಎಲ್ಲಿಯೋ ಬದುಕಿದ್ದಾನೆಂದು ನಂಬಿದ ತಮ್ಮನನ್ನು ನನ್ನ ಮಾತಿನಲ್ಲಿ ಸತ್ತವರ ಸಾಲಿಗೆ ಸೇರಿಸುತ್ತಲೇ ಬಂದರು — ಎಷ್ಟು ಪ್ರೀತಿಯಿಂದ!

ಹೋದ ವಾರ ಹೇಳಿಬಿಟ್ಟೆ. ಮಾಮಾ ಅವರ ಕೈ ಹಿಡಿಯಲು ಹೋದೆ, ಹಿಂದಕ್ಕೆಳೆದುಕೊಂಡರು. ಆಮೇಲೆ ನನ್ನತ್ತ ನೋಡದೆ, ಸರಿಯಾದ ಪದ ಹೇಳಿಕೊಡು ಎಂದರು.

"ಮೇಲಿಟ್ಟಳು" ಎಂದೆ.

ಹೇಳಲು ನೋಡಿದರು. ವಯಸ್ಸಾದ ನಾಲಿಗೆ, ಎಷ್ಟು ಸಲ ಶುರುಮಾಡಿದರೂ ಬಂದದ್ದು 'ಕೆಳಗಿಟ್ಟಳು' ಎಂದೇ.