ಹೆರ್ಲಿಂದಾಳ ಹಳದಿ ಚಿಂದಿ

ನಮ್ಮ ಕರಾವಳಿ ಹಳ್ಳಿ ಎಸ್ತೆರೊ ಲಾರ್ಗೊದ ಹೆಂಗಸರಿಗೆ ಸಾಲ ಬೇಕೆಂದರೆ ಬ್ಯಾಂಕಿನವರು ಜಮೀನಿನ ಪತ್ರ ಕೇಳಿದರು. ಕೆಸರಿಗೆ ಕೈಯಿಳಿಸಿ ಚಿಪ್ಪಿ ಹೆಕ್ಕುವ ನಮಗೆಲ್ಲಿಯ ಪತ್ರ? "ಉಪ್ಪುನೀರಲ್ಲಿ ಬೆಳೆಯೋ ಈ ಕಾಂಡ್ಲಾ ಕಾಡೇ ನಮ್ಮ ಆಸ್ತಿ" ಎಂದಳು ನಮ್ಮ ಜೊತೆಗಿದ್ದ ಹೆರ್ಲಿಂದಾ. ಗುಮಾಸ್ತ ನಕ್ಕುಬಿಟ್ಟ. ಅದೇ ಕಾಡು ಕಡಿದು ಸಿಗಡಿ ಹೊಂಡ ತೋಡಿದವರಿಗೆ ಮಾತ್ರ ಬ್ಯಾಂಕಿನವರು ಕೈತುಂಬ ಸಾಲ ಕೊಟ್ಟಿದ್ದರು, ಹಾಳಾದವರು.

ಹೆರ್ಲಿಂದಾ ಸುಮ್ಮನೆ ಕೂರುವ ಪೈಕಿಯಲ್ಲ. ಹದಿಮೂರು ಹೆಂಗಸರನ್ನು ಕೂಡಿಸಿ, ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಬೀಗ ಜಡಿದು, ವಾರಕ್ಕೆ ಎರಡೆರಡು ಡಾಲರ್ ಹಾಕಿಸಿದಳು. ಆ ಡಬ್ಬಿಯ ಸಾಲಕ್ಕೆ ಬಡ್ಡಿ ದುಡ್ಡಲ್ಲ, ನಲವತ್ತು ಕಾಂಡ್ಲಾ ಸಸಿ ನೆಡುವುದು. ವರ್ಷದ ಮೇಲೆ ಮೂವತ್ತಾದರೂ ಬದುಕಿರಬೇಕು. ಇಲ್ಲದಿದ್ದರೆ ಮತ್ತೆ ನೆಟ್ಟು ಬದುಕಿಸುವ ತನಕ ಹೊಸ ಸಾಲವಿಲ್ಲ. ಗುರುತಿಗೆ ಅವರವರ ಹಳೆಯ ಲಂಗದ ಚಿಂದಿ ಕಟ್ಟಬೇಕು. ನನ್ನದು ಕೆಂಪು, ಅವಳದು ಹಳದಿ.

"ಡಬ್ಬಿಗೆ ಬರದೇ ಇರೋದು ಅದೆಂಥ ಬಡ್ಡಿ ಅಕ್ಕಾ?" ಎಂದು ನಾನೇ ಹಂಗಿಸಿದ್ದೆ.

"ಅಸಲು ಎಲ್ಲಿಂದ ಬಂತೇ ಓಲ್ಫಾ? ಕೆಸರಿಂದ ತಾನೆ? ಬಡ್ಡಿನೂ ಅದಕ್ಕೇ ಹೋಗ್ಲಿ ಬಿಡು."

ಹೋದ ವರ್ಷ ಅವಳ ದೋಣಿಯ ತಳ ಸೀಳಿತು. ಅರವತ್ತೆಂಟರ ಒಂಟಿ ಹೆಂಗಸು. ದೋಣಿಯಿಲ್ಲದೆ ಚಿಪ್ಪಿಯಿಲ್ಲ, ಚಿಪ್ಪಿಯಿಲ್ಲದೆ ಒಲೆ ಹತ್ತುವುದಿಲ್ಲ. ಡಬ್ಬಿಯಲ್ಲಿ ದುಡ್ಡೇನೋ ಇತ್ತು. ಆದರೆ ಅವಳ ಹಿಂದಿನ ಸಾಲದ ಸಸಿಗಳ ಎಣಿಕೆ ಆಗಬೇಕಿತ್ತು. ಪಾಳುಬಿದ್ದ ಸಿಗಡಿ ಹೊಂಡದ ಗಟ್ಟಿ ಮಣ್ಣು ಯಾರಿಗೂ ಬೇಡವಾದಾಗ ಅವಳೇ ಅದನ್ನು ನೆಡಲು ಆರಿಸಿಕೊಂಡಿದ್ದಳು. ಎಣಿಕೆಯ ಹಿಂದಿನ ದಿನ ನಾನು ಕದ್ದು ಹೋಗಿ ನೋಡಿದೆ. ನಲವತ್ತರಲ್ಲಿ ಉಳಿದದ್ದು ಹನ್ನೊಂದು. ಅದೇ ಹೊಂಡದ ಅಂಚಿನ ಮೆತ್ತನೆಯ ಕೆಸರಿನಲ್ಲಿ ನನ್ನವು ನಳನಳಿಸುತ್ತಿದ್ದವು, ನನಗೆ ಆ ವರ್ಷ ಸಾಲವೂ ಬೇಕಿರಲಿಲ್ಲ. ಸತ್ತ ಕಡ್ಡಿಗಳ ಹಳದಿ ಚಿಂದಿ ಬಿಚ್ಚಿ, ನನ್ನ ಹತ್ತೊಂಬತ್ತು ಸಸಿಗಳ ಕೆಂಪು ತೆಗೆದು, ಅವಕ್ಕೆ ಕಟ್ಟಿ ಬಂದೆ.

ಮರುದಿನ ಸಮುದ್ರದ ಇಳಿತದ ಹೊತ್ತಿಗೆ, ಸೊಳ್ಳೆಗೆಂದು ತೆಂಗಿನ ನಾರಿನ ಹೊಗೆ ಹಾಕಿಕೊಂಡು ಎಲ್ಲರೂ ಎಣಿಸಿದೆವು. ಮೂವತ್ತು! ಹೆಂಗಸರು ಚಪ್ಪಾಳೆ ತಟ್ಟಿದರು. ಹೆರ್ಲಿಂದಾ ಮಾತ್ರ ಬಗ್ಗಿ ಒಂದು ಗಂಟು ಹಿಡಿದು ನೋಡಿದಳು.

"ನಾನು ಎಡಚಿ ಕಣ್ರೇ. ನನ್ನ ಗಂಟು ಈ ಕಡೆ ತಿರುಗಲ್ಲ."

ನನ್ನ ಮುಖ ನೋಡಿದಳು, ಅಷ್ಟೇ ಸಾಕಾಯಿತು. ಒಂದೊಂದಾಗಿ ಹತ್ತೊಂಬತ್ತನ್ನೂ ಬಿಚ್ಚಿ ನನ್ನ ಕೈಗಿಟ್ಟಳು.

"ಹೊಟ್ಟೆಗೇನು ಮಾಡ್ತೀಯ ಅಕ್ಕಾ?" ನನಗೆ ಅಳು ಬಂತು.

"ಸತ್ತಿದ್ದನ್ನ ಬದುಕಿದೆ ಅಂತ ಎಣಿಸಿದ್ರೆ ಆ ಗುಮಾಸ್ತ ನಕ್ಕಿದ್ದೇ ಸರಿ ಅಂತಾಗತ್ತಲ್ಲೇ, ಪೆದ್ದಿ!"

ತನ್ನ ಸಾಲದ ವಿರುದ್ಧ ತಾನೇ ಕೈಯೆತ್ತಿ ಮತ ಹಾಕಿದಳು. ಅಂಥ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ.

ಆಮೇಲೆ ವರ್ಷವಿಡೀ ನನ್ನ ದೋಣಿಯ ಮೂತಿಯಲ್ಲಿ ಕೂತು ಕಾಡಿಗೆ ಬಂದಳು. "ಮೂಟೆ ಹೊತ್ತ ಹಾಗಾಯ್ತು" ಎಂದು ನಾನು ರೇಗಿಸಿದರೆ, "ಹುಟ್ಟು ಹಾಕೇ ಸೋಮಾರಿ" ಎನ್ನುತ್ತಿದ್ದಳು. ಹೊಂಡದ ಒಡ್ಡನ್ನು ಗುದ್ದಲಿಯಿಂದ ಒಡೆದು ಸಮುದ್ರದ ನೀರನ್ನು ಒಳಗೆ ಬಿಟ್ಟಳು. ಮಣ್ಣು ಮೆತ್ತಗಾದ ಮೇಲೆ ಮತ್ತೆ ನೆಟ್ಟಳು. ಲಂಗ ಮುಗಿದುಹೋಗಿತ್ತು, ನನ್ನ ಹತ್ತಿರವಿದ್ದ ಆ ಹತ್ತೊಂಬತ್ತು ಚಿಂದಿಯನ್ನೇ ಕೇಳಿ ಇಸಿದುಕೊಂಡಳು.

ಈ ವರ್ಷ ಎಣಿಸಿದರೆ ಮೂವತ್ತಮೂರು. ಅವಳ ಹೊಸ ದೋಣಿಯ ದುಡ್ಡಿಗೆ ಡಬ್ಬಿಯ ಬೀಗ ತೆಗೆಯುವ ಮೊದಲು ನಾನು ಒಂದೊಂದು ಹಳದಿ ಗಂಟನ್ನೂ ಮುಟ್ಟಿ ನೋಡಿದೆ. ಎಲ್ಲವೂ ಎಡಕ್ಕೇ ತಿರುಗಿದ್ದವು.