ಅವಳು ಎಳೆದ ಗೆರೆ

ಬೆಣಚುಕಲ್ಲಿಗೆ ಸುತ್ತಿಗೆ ಬಿದ್ದಾಗ ಸುಟ್ಟ ಪಟಾಕಿಯಂಥ ವಾಸನೆ ಬರುತ್ತದೆ. ಮೊನ್ನೆ ಮಿಶ್ರಿಕೋಟಿ ಹತ್ತಿರ ನನ್ನ ವಿದ್ಯಾರ್ಥಿನಿಯೊಬ್ಬಳು ಕಲ್ಲು ಒಡೆದಾಗ ಆ ವಾಸನೆ ಮೂಗಿಗೆ ಬಡಿಯಿತು. ಬೆನ್ನಿಗೇ ಅವಳು ನೆನಪಾದಳು, ಓದುವ ಕಾಲದ ನನ್ನ ಜೋಡಿ.

ಭೂವಿಜ್ಞಾನ ಓದುವಾಗ ಬೇಸಿಗೆಯ ನಕಾಶೆ ಶಿಬಿರಕ್ಕೆ ನಮ್ಮನ್ನು ಇದೇ ಹೊಲಗಳಿಗೆ ತಂದಿದ್ದರು. ನೆಲದಡಿ ಬೂದುಕಲ್ಲು ಎಲ್ಲಿ ಮುಗಿದು ಹಸಿರುಕಲ್ಲು ಎಲ್ಲಿ ಶುರುವಾಗುತ್ತದೆಂದು ಹುಡುಕಿ ಗೆರೆ ಎಳೆಯಬೇಕು. ತಿರುಗುವುದು ಜೋಡಿಯಾಗಿ, ನಕಾಶೆ ಮಾತ್ರ ಅವರವರದು. ಸರ್ ನಿವೃತ್ತರಾಗುವವರಿದ್ದರು, ಒಳ್ಳೆಯ ನಕಾಶೆ ಮಾಡಿದವರಿಗೆ ತಮ್ಮ ಸುತ್ತಿಗೆ ಕೊಡುತ್ತೇನೆಂದಿದ್ದರು. ನನಗೆ ಅದು ಬೇಕೇ ಬೇಕಿತ್ತು. ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬರುತ್ತಿದ್ದವಳು ನಾನಲ್ಲವೇ!

ಆಳ ಕಪ್ಪುಮಣ್ಣಿನ ಎರೆಹೊಲದಲ್ಲಿ ಕಲ್ಲು ಎಲ್ಲಿ ಕಾಣಬೇಕು? ಒಡ್ಡಿನುದ್ದಕ್ಕೂ ಹಸಿರುಕಲ್ಲು ಕಂಡಿದ್ದೇ ತಡ, ಹಿಗ್ಗಿ ನಕಾಶೆಗೆ ಬಣ್ಣ ತುಂಬಿದೆ. ಅವಳು ಶಲವಡಿಯ ಒಕ್ಕಲುತನದ ಮನೆಯವಳು, ಬಿದ್ದು ಬಿದ್ದು ನಕ್ಕಳು.

"ಏ ಹುಚ್ಚಿ, ಇವು ಚಕ್ಕಡ್ಯಾಗ ಬಂದ ಕಲ್ಲಲೇ! ಒಡ್ಡ ಹಾಕಾಕ ಹೇರಿಕೊಂಡ ಬಂದಾರ. ನೆಲದ ಕಲ್ಲ ಬೇಕಂದ್ರ ಬಾವಿ ದಂಡಿಗೆ ಹೋಗೂಣು ಬಾ."

ಬಾವಿ ತೋಡುವಾಗ ತೆಗೆದ ಕಲ್ಲನ್ನು ಬಾಜೂಕ್ಕೇ ಗುಡ್ಡೆ ಹಾಕಿರುತ್ತಾರಲ್ಲ... ಅವನ್ನೇ ಹುಡುಕುತ್ತ ಬಾವಿಯಿಂದ ಬಾವಿಗೆ ನಡೆದಳು. ಕಲ್ಲಿಗೆ ಉಗುಳು ಹಚ್ಚಿ, ಬಿಸಿಲಿಗೆ ಹಿಡಿದು ನೋಡಿ, ಗೆರೆ ಎಳೆದುಬಿಟ್ಟಳು.

"ಅಗದಿ ಬರೋಬ್ಬರಿ ಅದ ನೋಡ್ರಿ ಗೆರಿ," ಎಂದು ಸರ್ ಸುತ್ತಿಗೆಯನ್ನು ಅವಳ ಕೈಗಿಟ್ಟರು. ನಾನೂ ಚಪ್ಪಾಳೆ ತಟ್ಟಿದೆ. ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗಿತ್ತು. ಊಟಕ್ಕೆ ಕೂತಾಗ ಅವಳು ತನ್ನ ರೊಟ್ಟಿ ಮುರಿದು ಅರ್ಧ ನನ್ನ ತಾಟಿಗೆ ಹಾಕಿದಳು; ಅದಕ್ಕೂ ಮೈಯೆಲ್ಲ ಉರಿಯಿತು. ಗೆದ್ದವಳು ಸ್ವಲ್ಪವಾದರೂ ಸೊಕ್ಕು ಮಾಡಬಾರದೇ?

ಅಂದಿನಿಂದ ನನ್ನದೊಂದೇ ಹಟ: ಆ ಗೆರೆ ಎಲ್ಲಾದರೂ ಒಂದು ಕಡೆ ತಪ್ಪಿರಬೇಕು. ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಬೇಸಿಗೆಯ ಶಿಬಿರವನ್ನೂ ಇಲ್ಲಿಗೇ ತಂದೆ. ಅವಳಿಗೂ ಗೊತ್ತಿತ್ತು. ಫೋನ್ ಮಾಡಿ ಕಾಡುತ್ತಿದ್ದಳು, "ಸಿಕ್ತೇನಲೇ ನನ್ನ ತಪ್ಪ?"

"ತಡಿ, ಎಲ್ಲಿ ಹೋಗತೈತಿ," ಎನ್ನುತ್ತಿದ್ದೆ.

ಮೊನ್ನೆ ಸಿಕ್ಕಿತು. ಹೊಸದಾಗಿ ತೋಡಿದ ಕೃಷಿಹೊಂಡ. ನಾವು ಹಿಡಿದಿದ್ದ ಅವಳ ನಕಾಶೆ ಬೂದುಕಲ್ಲೆಂದು ತೋರಿಸಿದ್ದ ಜಾಗದಲ್ಲಿ, ಬೆಣಚಿನ ಎಳೆಯ ಸುತ್ತ ಹಸಿರುಕಲ್ಲು! ಸಿಕ್ಕಿಬಿದ್ದಳು! ಕುಣಿಯುವಷ್ಟು ಖುಷಿಯಾಯಿತು. ಫೋನ್ ತೆಗೆದು ಅವಳ ನಂಬರನ್ನೂ ಒತ್ತಿದೆ...

ಹೋದ ದೀಪಾವಳಿಗೆ ಮುಂಚೆಯೇ ಅವಳು ಜಡ್ಡು ಬಿದ್ದು ತೀರಿಕೊಂಡಿದ್ದಳು.

"ಗೆರಿ ತಿದ್ದೂಣೇನ್ರಿ, ಮ್ಯಾಡಮ್?" ಎಂದಳು ಕಲ್ಲು ಒಡೆದ ಹುಡುಗಿ. ಇಷ್ಟು ವರ್ಷ ಕಾದದ್ದೇ ಅದಕ್ಕೆ. ಪೆನ್ಸಿಲ್ ನನ್ನ ಕೈಯಲ್ಲೇ ಇತ್ತು.

"ನಾಳೆ ನೋಡೂಣಂತ," ಎಂದೆ.